ಸಹಕಾರ ಸಂಘಗಳ ಉದ್ರಿ ಬಾಕಿಯೂ ಬಾರದ ಸಾಲದ ಅಂದಾಜೂ

ರೈತನಿಗೆ ಬೀಜ ಗೊಬ್ಬರಗಳು ಬೇಕಾಗುವುದು ಮುಂಗಾರಿನಲ್ಲಿ. ಹಣವು ಕೈಸೇರುವುದು ಸುಗ್ಗಿಯಲ್ಲಿ. ಈ ನಡುವಣ ತಿಂಗಳುಗಳನ್ನು ದಾಟಿಸುವುದಕ್ಕೆ ಉದ್ರಿಯು ಆವಶ್ಯಕವಾಗುತ್ತದೆ. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯಿದೆಯು ಜಾರಿಗೆ ಬಂದ ಮರುವರ್ಷವೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಿಂದ ಸಹಕಾರ ಸಂಘವು ಸ್ಥಾಪಿತವಾಯಿತು. ಅಂದಿಗೂ ಇಂದಿಗೂ ಗ್ರಾಮದ ಸಂಘಗಳ ಎದುರಿಗಿರುವ ಪ್ರಶ್ನೆಯೊಂದುಂಟು: ಪುಸ್ತಕದಲ್ಲಿ ಬರೆದಿರುವ ಬಾಕಿಯಲ್ಲಿ ನಿಜವಾಗಿ ವಸೂಲಾಗತಕ್ಕದ್ದು ಎಷ್ಟು? ಇದಕ್ಕೆ ಸರಿಯಾದ ಉತ್ತರವಿಲ್ಲದ ಸಂಘವು ಲಾಭವೆಂದು ಭಾವಿಸಿ ತನ್ನ ಮೂಲಧನವನ್ನೇ ಹಂಚಿಬಿಡುವ ಅಪಾಯವಿದೆ.

ಬಾಕಿಯನ್ನು ಬರೆಯುವ ಕ್ರಮ

ಸರಕನ್ನು ಉದ್ರಿಯಾಗಿ ಕೊಟ್ಟ ದಿನವೇ ಅದನ್ನು ಕಿರ್ದಿಯಲ್ಲಿ ಬರೆದು, ಬಳಿಕ ಆಯಾ ಸದಸ್ಯನ ಖಾತೆಗೆ ಏರಿಸತಕ್ಕದ್ದು. ಖಾತೆಯಲ್ಲಿ ತಾರೀಖು, ಸರಕಿನ ವಿವರ, ಮೊಬಲಗು, ವಾಯಿದೆ, ವಸೂಲಾದ ಹಣ, ಉಳಿದ ಬಾಕಿ ಇವಿಷ್ಟೂ ಇರಬೇಕು. ವಾಯಿದೆಯನ್ನು ಬರೆಯದ ಖಾತೆಯಿಂದ ಬಾಕಿಯ ವಯಸ್ಸು ತಿಳಿಯದು. ವಯಸ್ಸು ತಿಳಿಯದ ಬಾಕಿಯ ಬೆಲೆಯನ್ನು ಅಂದಾಜು ಮಾಡುವುದು ಸಾಧ್ಯವಿಲ್ಲ. ಪ್ರತಿ ತಿಂಗಳ ಕೊನೆಯಲ್ಲಿ ಎಲ್ಲ ಸದಸ್ಯರ ಬಾಕಿಗಳನ್ನು ಕೂಡಿಸಿ, ಆ ಮೊತ್ತವು ಮುಖ್ಯ ಖಾತೆಯ ಮೊತ್ತಕ್ಕೆ ಸರಿಹೋಗುವುದೇ ಎಂದು ತಾಳೆ ನೋಡಬೇಕು. ವರ್ಷಕ್ಕೊಮ್ಮೆಯಾದರೂ ಸದಸ್ಯನಿಂದ ಬಾಕಿಯ ಬಗ್ಗೆ ಲಿಖಿತ ಒಪ್ಪಿಗೆಯನ್ನು ಪಡೆಯುವುದು ಒಳ್ಳೆಯದು. ಇದರಿಂದ ಲೆಕ್ಕದ ತಪ್ಪುಗಳು ಬೇಗನೆ ಹೊರಬೀಳುತ್ತವೆ. ಮುಂದೆ ವ್ಯಾಜ್ಯವುಂಟಾದರೆ ಸಾಕ್ಷ್ಯವೂ ಇರುತ್ತದೆ.

ಅಂದಾಜು ಏಕೆ?

ಈ ವರ್ಷ ಮಾರಿದ ಗೊಬ್ಬರದ ಲಾಭವನ್ನು ಈ ವರ್ಷವೇ ಲೆಕ್ಕಕ್ಕೆ ಹಿಡಿಯಲಾಗುತ್ತದೆ. ಅದೇ ಮಾರಾಟದಿಂದ ಬಾರದೆ ಹೋಗುವ ಹಣವನ್ನು ಮಾತ್ರ ನಾಲ್ಕು ವರ್ಷ ಬಿಟ್ಟು ನಷ್ಟವೆಂದು ಬರೆದರೆ, ಮೊದಲ ವರ್ಷದ ಲಾಭವು ಹುಸಿಯಾಗುತ್ತದೆ. ಆದುದರಿಂದ ಯಾರ ಬಾಕಿಯು ಮುಳುಗುವುದೆಂದು ಹೆಸರು ಹಿಡಿದು ಹೇಳಲಾಗದಿದ್ದರೂ, ಒಟ್ಟಿನಲ್ಲಿ ಎಷ್ಟು ಮುಳುಗಬಹುದೆಂದು ಅಂದಾಜು ಮಾಡಿ, ಆ ಮೊಬಲಗನ್ನು ಅದೇ ವರ್ಷದ ಖರ್ಚಿಗೆ ಬರೆದು, ಸಂಶಯದ ಬಾಕಿಯ ನಿಧಿಗೆ ಜಮಾ ಮಾಡತಕ್ಕದ್ದು. ಹೆಸರು ನಿಧಿಯೆಂದಿದ್ದರೂ ಇದು ಪೆಟ್ಟಿಗೆಯಲ್ಲಿ ಬೇರೆಯಾಗಿಟ್ಟ ನಗದಲ್ಲ. ಬಾಕಿಯ ಮೊತ್ತದಿಂದ ಕಳೆಯತಕ್ಕ ಒಂದು ಅಂಕಿ ಮಾತ್ರ.

ಬಾಕಿಯ ವಯಸ್ಸಿನ ಪಟ್ಟಿ

ಬಾಕಿಯು ಹಳೆಯದಾದಷ್ಟೂ ವಸೂಲಿಯ ಭರವಸೆಯು ಕಡಿಮೆಯಾಗುವುದು ಅನುಭವದ ಮಾತು. ಉದಾಹರಣೆಗಾಗಿ ಒಂದು ಸಂಘಕ್ಕೆ ಮಾರ್ಚಿ 31ರಂದು 5,00,000 ರೂಪಾಯಿ ಬರಬೇಕಾಗಿದೆಯೆಂದು ಭಾವಿಸಬಹುದು.

ವಾಯಿದೆ ಮೀರದ್ದು: 3,00,000 ರೂ.; ಶೇಕಡ 1ರಂತೆ 3,000 ರೂ.
ಮೀರಿ 6 ತಿಂಗಳೊಳಗಿನದು: 1,20,000 ರೂ.; ಶೇಕಡ 5ರಂತೆ 6,000 ರೂ.
6 ತಿಂಗಳಿಂದ 1 ವರ್ಷದವರೆಗಿನದು: 50,000 ರೂ.; ಶೇಕಡ 20ರಂತೆ 10,000 ರೂ.
1ರಿಂದ 3 ವರ್ಷದವರೆಗಿನದು: 20,000 ರೂ.; ಶೇಕಡ 50ರಂತೆ 10,000 ರೂ.
3 ವರ್ಷ ಮೀರಿದ್ದು: 10,000 ರೂ.; ಶೇಕಡ 90ರಂತೆ 9,000 ರೂ.

ನಿಧಿಗೆ ಬೇಕಾದ ಒಟ್ಟು ಹಣ 38,000 ರೂಪಾಯಿ. ವಸೂಲಾಗಬಹುದಾದ ಬಾಕಿ 4,62,000 ರೂಪಾಯಿ. ಹಿಂದಿನ ನಿಧಿ ಏನೂ ಇಲ್ಲದೆ, ಈ ಸಂಘದ ಲಾಭವು 45,000 ರೂಪಾಯಿ ಎಂದು ಕಂಡುಬಂದಿದ್ದರೆ, ಅದರ ನಿಜವಾದ ಲಾಭವು 7,000 ರೂಪಾಯಿ ಮಾತ್ರ. ಇದನ್ನರಿಯದೆ 45,000 ರೂಪಾಯಿಗಳನ್ನು ಆಧಾರವಾಗಿಟ್ಟುಕೊಂಡು ಡಿವಿಡೆಂಡು ಹಂಚಿದರೆ, ಹೊರಟುಹೋಗುವುದು ಸದಸ್ಯರ ಷೇರು ಹಣ. ಕೊನೆಗೆ ಕಷ್ಟಕ್ಕೀಡಾಗುವುದು ಠೇವಣಿದಾರರು.

ಮೇಲಿನ ಶೇಕಡಾವಾರು ದರಗಳು ಉದಾಹರಣೆಗಾಗಿ ಕೊಟ್ಟವು. ಪ್ರತಿಯೊಂದು ಸಂಘವೂ ತನ್ನ ಹಳೆಯ ಪುಸ್ತಕಗಳಿಂದಲೇ ದರಗಳನ್ನು ಕಂಡುಕೊಳ್ಳಬೇಕು. ಕಳೆದ ಕೆಲವು ವರ್ಷಗಳಲ್ಲಿ 6 ತಿಂಗಳು ಮೀರಿದ 4,00,000 ರೂಪಾಯಿಯ ಪೈಕಿ 80,000 ರೂಪಾಯಿ ಬಾರದೆ ಹೋಗಿದ್ದರೆ, ಆ ದರ್ಜೆಗೆ ಶೇಕಡ 20 ಎಂದಾಗುತ್ತದೆ. ಮಳೆ ತಪ್ಪಿದ ವರ್ಷದಲ್ಲಾಗಲಿ, ಬೆಳೆಯ ಧಾರಣೆ ಕುಸಿದಾಗಲಾಗಲಿ ದರವನ್ನು ಏರಿಸುವುದು ವಿವೇಕ. ಮೇಲಿನ ಅಧಿಕಾರಿಗಳು ಕನಿಷ್ಠ ದರವನ್ನು ಗೊತ್ತುಮಾಡಿದ್ದರೆ ಅದಕ್ಕಿಂತ ಕಡಿಮೆ ಹಿಡಿಯಕೂಡದು.

ಬಾಕಿಯನ್ನು ವಜಾ ಮಾಡುವುದು

ಮೇಲಿನ ಸಂಘದಲ್ಲಿ 8,000 ರೂಪಾಯಿಯ ಒಂದು ಬಾಕಿಯು ಎಂದಿಗೂ ಬಾರದೆಂದು ನಿಶ್ಚಯವಾದರೆ, ಕಾಯಿದೆಯೂ ಉಪವಿಧಿಗಳೂ ವಿಧಿಸಿದ ಮಂಜೂರಾತಿಯನ್ನು ಪಡೆದು ಅದನ್ನು ವಜಾ ಮಾಡಬಹುದು. ಆಗ ಬಾಕಿಯು 4,92,000ಕ್ಕೂ ನಿಧಿಯು 30,000ಕ್ಕೂ ಇಳಿಯುತ್ತವೆ. ವ್ಯತ್ಯಾಸವು ಮೊದಲಿನಂತೆಯೇ 4,62,000. ನಷ್ಟವನ್ನು ಮೊದಲೇ ಹಿಡಿದಿದ್ದರಿಂದ ಈಗ ಹೊಸ ಖರ್ಚಿಲ್ಲ. ಮುಂದಿನ ವರ್ಷಾಂತ್ಯದಲ್ಲಿ 34,000 ರೂಪಾಯಿ ನಿಧಿ ಬೇಕೆಂದಾದರೆ, ಕೊರತೆಯಾದ 4,000 ರೂಪಾಯಿಯನ್ನು ಮಾತ್ರ ಖರ್ಚು ಹಾಕಿದರೆ ಸಾಕು.

ಪುಸ್ತಕದಿಂದ ವಜಾ ಮಾಡಿದ ಮಾತ್ರಕ್ಕೆ ಸಾಲಗಾರನ ಹೊಣೆಯು ತೀರಿತೆಂದು ತಿಳಿಯಬಾರದು. ವಜಾ ಮಾಡಿದ ಬಾಕಿಗಳಿಗೆ ಬೇರೊಂದು ಪುಸ್ತಕವನ್ನಿಟ್ಟು, ವಸೂಲಿಯ ಪ್ರಯತ್ನವನ್ನು ಮುಂದುವರಿಸತಕ್ಕದ್ದು. ಹಳೆಯ ಸಾಲಕ್ಕೆ ಹೊಸ ಸಾಲವನ್ನು ಬರೆದು, ಕಾಗದದ ಮೇಲೆ ಅದನ್ನು ಎಳೆಯ ಬಾಕಿಯನ್ನಾಗಿ ತೋರಿಸುವ ಪದ್ಧತಿಯು ಬಹಳ ಕೆಟ್ಟದ್ದು; ವಯಸ್ಸಿನ ಪಟ್ಟಿಯ ಉಪಯೋಗವೆಲ್ಲ ಇದರಿಂದ ನಷ್ಟವಾಗುತ್ತದೆ.

ವಾರ್ಷಿಕ ಸಭೆಯಲ್ಲಿ ಲಾಭವೆಷ್ಟೆಂದು ಕೇಳುವ ಮೊದಲು, ವಾಯಿದೆ ಮೀರಿದ ಬಾಕಿ ಎಷ್ಟು, ಅದರ ವಯಸ್ಸೆಷ್ಟು, ಅದಕ್ಕಾಗಿ ತೆಗೆದಿರಿಸಿದ್ದೆಷ್ಟು ಎಂಬ ಮೂರು ಪ್ರಶ್ನೆಗಳನ್ನು ಸದಸ್ಯರು ಕೇಳಬೇಕು. ಇವಕ್ಕೆ ಕಾರ್ಯದರ್ಶಿಯು ಪುಸ್ತಕವನ್ನು ತೆರೆದು ಉತ್ತರಿಸಬಲ್ಲವನಾದರೆ, ಸದಸ್ಯರು ಕಷ್ಟಪಟ್ಟು ಕೂಡಿಸಿಟ್ಟ ಹಣದ ನಿಜಸ್ಥಿತಿಯು ಅವರಿಗೆ ಕಾಲದಲ್ಲಿಯೇ ತಿಳಿಯುವುದು.