ತಡವಾಗಿ ಅರಳಿ ಗೆದ್ದ ಬೆನ್ ಲೋಮಂಡ್

ಬ್ಲ್ಯಾಕ್ ಕರಂಟ್ ಎಂದರೆ ನಮಗೆ ನೆನಪಾಗುವುದು ನೇರಳೆ ಬಣ್ಣದ ಐಸ್‌ಕ್ರೀಂ. ಆದರೆ ಆ ಹಣ್ಣಿನ ತವರು ಯುರೋಪ್ ಮತ್ತು ಉತ್ತರ ಏಷ್ಯಾದ ಚಳಿಸೀಮೆ. ಎಲೆ ಉದುರಿಸಿ ಮಲಗಿದ ಗಿಡ ಸೊನ್ನೆಗಿಂತ ಇಪ್ಪತ್ತೈದು, ಮೂವತ್ತು ಡಿಗ್ರಿ ಕೆಳಗಿನ ಚಳಿಯನ್ನೂ ತಡೆದುಕೊಳ್ಳುತ್ತದೆ. ಅದು ಸೋಲುವುದು ವಸಂತದಲ್ಲಿ. ಏಪ್ರಿಲ್ ಬಿಸಿಲನ್ನು ನಂಬಿ ಹೂ ಬಿಟ್ಟ ಮೇಲೆ ಒಂದೇ ರಾತ್ರಿ ಹಿಮ ಬಿದ್ದರೂ ಹೂ ಕರಟಿ ವರ್ಷದ ಫಸಲು ಕೈತಪ್ಪುತ್ತದೆ.

ಬ್ರಿಟನ್ನಿನ ರೈತರು ಬಹುಕಾಲ ನೆಚ್ಚಿಕೊಂಡಿದ್ದ ಬಾಲ್ಡ್‌ವಿನ್ ತಳಿಗೆ ಇದೇ ಕಂಟಕವಾಗಿತ್ತು. ಎರಡನೇ ಮಹಾಯುದ್ಧದಲ್ಲಿ ಕಿತ್ತಳೆ ಹಣ್ಣಿನ ಆಮದು ಕುಸಿದಾಗ ಮಕ್ಕಳಿಗೆ ಸಿ ವಿಟಮಿನ್ ಸಿಗಲೆಂದು ಅಲ್ಲಿನ ಸರ್ಕಾರ ಹಂಚಿದ್ದು ಈ ಹಣ್ಣಿನ ಸಿರಪ್ಪನ್ನೇ. ಅಂಥ ಬೆಳೆ ಒಂದು ರಾತ್ರಿಯ ಹಿಮಕ್ಕೆ ಬಲಿಯಾಗುವುದು ಸಣ್ಣ ನಷ್ಟವೇನಲ್ಲ.

ಉತ್ತರ ಕೊಟ್ಟದ್ದು ಸ್ಕಾಟ್ಲೆಂಡ್. ಡಂಡೀ ಪಕ್ಕದ ಇನ್ವರ್‌ಗೌರಿಯ ತೋಟಗಾರಿಕಾ ಸಂಶೋಧಕರು ಉತ್ತರ ಯುರೋಪಿನ ತಳಿಗಳನ್ನೂ ಕೆನಡಾದ ಕನ್ಸಾರ್ಟ್ ತಳಿಯನ್ನೂ ಕೂಡಿಸಿ, 1975ರಲ್ಲಿ ಬೆನ್ ಲೋಮಂಡ್ ಬಿಡುಗಡೆ ಮಾಡಿದರು. ಹೆಸರು ಅಲ್ಲಿನ ಬೆಟ್ಟವೊಂದರದು. ಇದರ ಜಾಣತನವೆಲ್ಲ ಕಾಯುವುದರಲ್ಲಿದೆ. ಹಿಮದ ಭಯ ತಗ್ಗಿದ ಮೇಲೆಯೇ ಹೂ ಅರಳುತ್ತದೆ. ತೆಳ್ಳನೆಯ ಎಳೆಯಲ್ಲಿ ಸಾಲಾಗಿ ತೂಗುವ ಪುಟ್ಟ ಗಂಟೆಗಳಂಥ ಹೂಗಳು. ಹಸಿರಿಗೆ ಕಂದುಗೆಂಪು ಬೆರೆತ ಬಣ್ಣ. ಬೇಸಿಗೆಯ ನಡುವೆ ಅವೇ ದಪ್ಪ ಕಪ್ಪು ಹಣ್ಣಾಗುತ್ತವೆ. ಒಣಗಿದ ಹೂ ಮಾತ್ರ ಹಣ್ಣಿನ ತುದಿಗೆ ಅಂಟಿಕೊಂಡೇ ಇರುತ್ತದೆ. ಎಲೆಯನ್ನು ಬೆರಳಲ್ಲಿ ಹೊಸಕಿದರೆ ಗಾಢವಾದ ವಾಸನೆ.

ಹೆಚ್ಚಿನ ಫಲ ಹಿಂದಿನ ವರ್ಷ ಚಿಗುರಿದ ರೆಂಬೆಗಳಲ್ಲೇ ಬರುವುದರಿಂದ ಹಳೆಯವನ್ನು ಬುಡದಿಂದ ಸವರಬೇಕು. ಬೂದಿರೋಗಕ್ಕೆ ಮೊದಲಿಗೆ ಇದ್ದ ನಿರೋಧಕತೆ ಕಾಲಕ್ರಮೇಣ ಕುಗ್ಗಿತು. ಆದರೂ ಆಮೇಲೆ ಬಂದ 'ಬೆನ್' ತಳಿಗಳ ಸಾಲಿನಲ್ಲಿ ಇದಕ್ಕೆ ಹಿರಿಯಣ್ಣನ ಸ್ಥಾನ ಸಲ್ಲಲೇಬೇಕು.

ಈಗ ಚಿಂತೆ ಬೇರೆಯದು. ಈ ಗಿಡಕ್ಕೆ ಚಳಿಯನ್ನು ತಾಳುವ ಶಕ್ತಿ ಇರುವಷ್ಟೇ ಚಳಿಯ ಅಗತ್ಯವೂ ಇದೆ. 7 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಸಾವಿರಾರು ಗಂಟೆ ಕಳೆಯದಿದ್ದರೆ ಮೊಗ್ಗು ಸರಿಯಾಗಿ ಒಡೆಯದು, ಹಣ್ಣು ಒಟ್ಟಿಗೆ ಮಾಗದು. ಬ್ರಿಟನ್ನಿನ ಚಳಿಗಾಲವೇ ಬೆಚ್ಚಗಾಗುತ್ತಿರುವಾಗ ಬೆಳೆಗಾರರು ಕಡಿಮೆ ಚಳಿ ಸಾಕೆನ್ನುವ ತಳಿಗಳನ್ನು ಹುಡುಕುತ್ತಿದ್ದಾರೆ. ಕೊಡಗು, ಚಿಕ್ಕಮಗಳೂರಿನ ಬೆಟ್ಟಗಳಲ್ಲೂ ಅಷ್ಟು ಚಳಿ ಇಲ್ಲ. ಹಿತ್ತಲಿಗೆಂದು ಯಾರಾದರೂ ಈ ಸಸಿ ಮಾರಲು ಬಂದರೆ ದಯವಿಟ್ಟು ದುಡ್ಡು ಕೊಡಬೇಡಿ.