ಮೂಳೆ ಶಸ್ತ್ರಚಿಕಿತ್ಸೆಯ ನಂತರ ವಿಮಾನ ಪ್ರಯಾಣ

ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ ನಾಡಪ್ರಭು ಕೆಂಪೇಗೌಡರ ಸಮಾಧಿಯಿದೆ. ಅವರ ಹೆಸರನ್ನು ಹೊತ್ತ ವಿಮಾನ ನಿಲ್ದಾಣ ದೇವನಹಳ್ಳಿಯಲ್ಲಿದೆ. ಮಗಳ ಬಾಣಂತನಕ್ಕೆಂದೋ ಮೊಮ್ಮಗುವಿನ ನಾಮಕರಣಕ್ಕೆಂದೋ ಈ ಭಾಗದ ಹಿರಿಯರೂ ಇಂದು ಆ ನಿಲ್ದಾಣದ ಹಾದಿ ಹಿಡಿಯುತ್ತಿದ್ದಾರೆ. ಅವರಲ್ಲಿ ಮಂಡಿಯ ಕೀಲು ಬದಲಿಸಿಕೊಂಡವರೂ, ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡವರೂ ಇರುತ್ತಾರೆ. ನೋವು ತಗ್ಗಿತು, ನಡೆಯಬಲ್ಲೆ, ಇನ್ನೇಕೆ ತಡ ಎಂಬುದು ಅವರ ಪ್ರಶ್ನೆ. ನೋವು ತಗ್ಗಿದ ಮಾತ್ರಕ್ಕೆ ಅಪಾಯ ಕಳೆಯಿತೆಂದು ಭಾವಿಸಲಾಗದು ಎಂಬುದು ನಮ್ಮ ಉತ್ತರ.

ಮೀನಖಂಡದ ಸ್ನಾಯುಗಳು ಚಲಿಸಿದಾಗ ಕಾಲಿನ ರಕ್ತ ಹೃದಯದತ್ತ ಏರುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಕೆಲವು ವಾರಗಳವರೆಗೆ ರಕ್ತಕ್ಕೆ ಹೆಪ್ಪುಗಟ್ಟುವ ಪ್ರವೃತ್ತಿ ಹೆಚ್ಚಿರುತ್ತದೆ. ಆಗ ಗಂಟೆಗಟ್ಟಲೆ ಕಾಲು ಮಡಚಿ ಕುಳಿತರೆ ಆಳದ ರಕ್ತನಾಳಗಳಲ್ಲಿ ಹೆಪ್ಪು ಉಂಟಾಗಬಹುದು. ಅದು ಕಳಚಿ ಶ್ವಾಸಕೋಶವನ್ನು ಸೇರಿದರೆ ಪ್ರಾಣಕ್ಕೇ ಸಂಚಕಾರ. ಆದ್ದರಿಂದಲೇ ಸೊಂಟ ಅಥವಾ ಮಂಡಿಯ ಕೀಲು ಬದಲಾವಣೆಯ ನಂತರ 4 ಗಂಟೆಗೂ ಮೀರಿದ ವಿಮಾನ ಪ್ರಯಾಣವನ್ನು ಸುಮಾರು 3 ತಿಂಗಳು ಮುಂದೂಡುವಂತೆ ಅನೇಕ ವೈದ್ಯರು ಸೂಚಿಸುತ್ತಾರೆ. ಕುಳಿತಿರುವ ಅವಧಿಯನ್ನು ಮನೆಯ ಹೊಸ್ತಿಲಿನಿಂದಲೇ ಲೆಕ್ಕ ಹಾಕಬೇಕು. ಕೆಂಪಾಪುರದಿಂದ ಬೆಂಗಳೂರನ್ನು ದಾಟಿ ದೇವನಹಳ್ಳಿ ಸೇರುವ ಕಾರಿನ ಪ್ರಯಾಣವೂ, ನಿಲ್ದಾಣದಲ್ಲಿ ಕಾಯುವ ಹೊತ್ತೂ ಅದರಲ್ಲಿ ಸೇರುತ್ತವೆ.

ಪ್ಲಾಸ್ಟರ್ ಹಾಕಿಸಿಕೊಂಡವರು ಇನ್ನೊಂದು ಸಂಗತಿಯನ್ನು ಅರಿಯಬೇಕು. ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟೇ ಇರುತ್ತದೆ. ಪ್ಲಾಸ್ಟರಿನೊಳಗೆ ಸಿಕ್ಕಿಕೊಂಡ ಗಾಳಿ ಅಲ್ಲಿ ಹಿಗ್ಗುತ್ತದೆ, ಕಾಲೂ ಬಾಯಬಹುದು, ರಕ್ತಸಂಚಾರಕ್ಕೆ ಅಡ್ಡಿಯಾಗುತ್ತದೆ. ಆದುದರಿಂದ ಪ್ಲಾಸ್ಟರ್ ಹಾಕಿದ ಮೇಲೆ 2 ಗಂಟೆಯೊಳಗಿನ ಪ್ರಯಾಣಕ್ಕೆ 24 ಗಂಟೆ, ಅದಕ್ಕೂ ದೀರ್ಘವಾದುದಕ್ಕೆ 48 ಗಂಟೆ ಕಾಯುವುದು ರೂಢಿ. ತುರ್ತಾಗಿ ಹೋಗಲೇಬೇಕಾದರೆ ವೈದ್ಯರು ಪ್ಲಾಸ್ಟರನ್ನು ಉದ್ದಕ್ಕೆ ಸೀಳಿಕೊಡುತ್ತಾರೆ.

ವೈದ್ಯರು ಅನುಮತಿಸಿದ ಬಳಿಕ ನಡುದಾರಿಯ ಬದಿಯ ಆಸನವನ್ನು ಕೋರಬೇಕು. ಗಾಲಿಕುರ್ಚಿ ಬೇಕಿದ್ದರೆ 48 ಗಂಟೆ ಮೊದಲೇ ತಿಳಿಸುವುದು ಲೇಸು. ಆಗಾಗ್ಗೆ ಪಾದಗಳನ್ನು ಮೇಲೆ ಕೆಳಗೆ ಆಡಿಸಬೇಕು, ಸಾಧ್ಯವಾದರೆ ನಾಲ್ಕು ಹೆಜ್ಜೆ ನಡೆಯಬೇಕು, ನೀರು ಕುಡಿಯಬೇಕು. ರಕ್ತ ತೆಳುವಾಗಿಸುವ ಔಷಧವನ್ನು ಸ್ವಂತ ನಿರ್ಧಾರದಿಂದ ಆರಂಭಿಸಲೂಬಾರದು, ನಿಲ್ಲಿಸಲೂಬಾರದು. ಕೀಲಿನ ಲೋಹವೂ ಇಷ್ಟಲಿಂಗದ ಬೆಳ್ಳಿಯ ಕರಡಿಗೆಯೂ ಭದ್ರತಾ ತಪಾಸಣೆಯಲ್ಲಿ ಸದ್ದು ಮಾಡಬಹುದು. ಎರಡನ್ನೂ ಸಿಬ್ಬಂದಿಗೆ ಮೊದಲೇ ತಿಳಿಸಿ, ಪ್ರತ್ಯೇಕ ಕೊಠಡಿಯಲ್ಲಿ ತಪಾಸಣೆ ನಡೆಸುವಂತೆ ವಿನಯದಿಂದ ಕೋರಬಹುದು.

ಪ್ರಯಾಣ ಮುಗಿದ ಮೇಲೂ ಕೆಲವು ವಾರ ಎಚ್ಚರವಿರಲಿ. ಒಂದೇ ಕಾಲು ಊದಿಕೊಂಡರೆ, ಮೀನಖಂಡ ನೋಯುತ್ತ ಬಿಸಿಯಾದರೆ ಅಂದೇ ವೈದ್ಯರನ್ನು ಕಾಣಬೇಕು. ಏಕಾಏಕಿ ಉಸಿರು ಕಟ್ಟಿದರೆ ಅಥವಾ ಎದೆ ನೋವು ಬಂದರೆ ಕ್ಷಣವೂ ತಡಮಾಡದೆ ಆಸ್ಪತ್ರೆ ಸೇರಬೇಕು.

ಬಾಣಂತನದ ತಿಂಗಳು ಬಹು ಮುಂಚಿತವಾಗಿಯೇ ತಿಳಿದಿರುತ್ತದೆ. ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡುವಾಗಲೇ ಅದನ್ನು ವೈದ್ಯರಿಗೆ ಹೇಳಿ, ಎರಡನ್ನೂ ಹೊಂದಿಸಿಕೊಂಡ ಬಳಿಕವೇ ಟಿಕೆಟ್ ಕೊಳ್ಳಬೇಕೆಂದು ಭಕ್ತರಲ್ಲಿ ಅರಿಕೆ ಮಾಡುತ್ತೇವೆ.