ಸ್ಫೋಟದ ಅಲೆ ಮತ್ತು ಮೈಯೊಳಗಿನ ಗಾಳಿ

ನದಿಯ ಮಡುವಿಗೆ ಕದ್ದುಮುಚ್ಚಿ ಸಿಡಿಮದ್ದು ಎಸೆದು ಮೀನು ಹಿಡಿಯುವ ಪಿಡುಗು ನಮ್ಮಲ್ಲಿದೆ. ಹಾಗೆ ಸತ್ತು ತೇಲುವ ಮೀನಿನ ಮೈಮೇಲೆ ಎಷ್ಟೋ ಸಲ ಒಂದು ಗೀರೂ ಇರುವುದಿಲ್ಲ. ಸೀಳಿ ನೋಡಿದರೆ ಒಳಗಿನ ಗಾಳಿಚೀಲ ಹರಿದಿರುತ್ತದೆ. ಗಾಳಿಚೀಲವಿಲ್ಲದ ಸಿಗಡಿ, ಏಡಿಗಳು ಅದೇ ಹೊಡೆತವನ್ನು ಎಷ್ಟೋ ಮಟ್ಟಿಗೆ ತಾಳಿಕೊಳ್ಳುತ್ತವೆ.

ಮನುಷ್ಯರ ಪಾಡೂ ಮೀನಿನದೇ. ಮದ್ದು ಸಿಡಿದಾಗ ಉಬ್ಬುವ ಅನಿಲ ಸುತ್ತಲಿನ ಗಾಳಿಯನ್ನು ಶಬ್ದಕ್ಕಿಂತ ವೇಗವಾಗಿ ದೂಡುತ್ತದೆ. ಹೀಗೆ ಹುಟ್ಟಿದ ಅಲೆ ತಾಗಿದಲ್ಲಿ ಒತ್ತಡ ಥಟ್ಟನೆ ಏರುತ್ತದೆ. ರಕ್ತ, ಮಾಂಸ ಬಹುಪಾಲು ನೀರು, ಅಷ್ಟು ಸುಲಭವಾಗಿ ಕುಗ್ಗುವುದಿಲ್ಲ. ಗಾಳಿ ಕುಗ್ಗುತ್ತದೆ, ಮರುಕ್ಷಣವೇ ಹಿಗ್ಗುತ್ತದೆ. ಆದ್ದರಿಂದಲೇ ಕಿವಿ, ಶ್ವಾಸಕೋಶ, ಕರುಳುಗಳಿಗೆ ಮೊದಲ ಪೆಟ್ಟು. ಒತ್ತಡ ವಾಯುಮಂಡಲದ ಒತ್ತಡದ ಮೂರನೇ ಒಂದರಷ್ಟು ಏರಿದರೆ ಕಿವಿತಮಟೆ ಹರಿಯಬಹುದು. ಪೂರ್ತಿ ವಾಯುಮಂಡಲದ ಒತ್ತಡದಷ್ಟು ಏರಿದರೆ ಶ್ವಾಸಕೋಶಕ್ಕೆ ಅಪಾಯ. ಶ್ವಾಸಕೋಶದ ಗೂಡುಗಳು ಹರಿದು ಅಲ್ಲಿ ರಕ್ತ ತುಂಬುತ್ತದೆ. ಗಾಳಿಯ ಗುಳ್ಳೆಗಳು ರಕ್ತನಾಳಕ್ಕೆ ನುಗ್ಗಿ ಮಿದುಳಿಗೋ ಹೃದಯಕ್ಕೋ ಹರಿಯುವ ರಕ್ತವನ್ನು ತಡೆಯಬಹುದು. ಸ್ಫೋಟದ ಹತ್ತಿರವಿದ್ದು ಎದ್ದು ನಡೆದು ಬಂದವರನ್ನೂ ವೈದ್ಯರು ಕೂಡಲೇ ಮನೆಗೆ ಕಳಿಸದೆ ಗಮನಿಸುವುದು ಇದಕ್ಕೇ. ಬಸ್ಸು, ಕೋಣೆಗಳಲ್ಲಂತೂ ಅಲೆ ಗೋಡೆಗೆ ಬಡಿದು ಮರಳಿ ಬಂದು ಮತ್ತೆ ಮತ್ತೆ ಹೊಡೆಯುತ್ತದೆ.

ದೂರ ಹೋದಂತೆ ಅಲೆ ಬೇಗ ಸೊರಗುತ್ತದೆ. ಆದರೆ ಶ್ವಾಸಕೋಶಕ್ಕೆ ಏನೂ ಮಾಡಲಾಗದ ಅಲೆಗೂ ಕಿಟಕಿಯ ಗಾಜು ಒಡೆಯುವ ಬಲ ಉಳಿದಿರುತ್ತದೆ. 1917ರ ಡಿಸೆಂಬರ್ 6ರಂದು ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಮದ್ದುಗುಂಡು ತುಂಬಿದ್ದ ಮಾಂಟ್-ಬ್ಲಾಂಕ್ ಹಡಗು ಇನ್ನೊಂದು ಹಡಗಿಗೆ ಡಿಕ್ಕಿಯಾಗಿ ಸುಮಾರು 20 ನಿಮಿಷ ಉರಿಯಿತು. ಚಳಿಗಾಲದ ಆ ಬೆಳಿಗ್ಗೆ ಜನ, ಮಕ್ಕಳೂ ಸೇರಿ, ಮನೆಯ ಕಿಟಕಿಗೆ ಮುಖವಿಟ್ಟು ಬೆಂಕಿ ನೋಡುತ್ತಿದ್ದರು. ಹಡಗು ಸಿಡಿಯಿತು. ಸತ್ತವರು 1,700ಕ್ಕೂ ಹೆಚ್ಚು, ಗಾಯಗೊಂಡವರು ಸುಮಾರು 9,000. ಸಾವಿರಾರು ಜನರ ಕಣ್ಣಿಗೆ ಗಾಜಿನ ಚೂರು ಹೊಕ್ಕಿತ್ತು. ಬೈರೂತ್ ಬಂದರಿನಲ್ಲಿ 2020ರ ಆಗಸ್ಟ್ 4ರಂದು ಅಮೋನಿಯಂ ನೈಟ್ರೇಟ್ ದಾಸ್ತಾನು ಸಿಡಿದಾಗಲೂ ಕಿಟಕಿ, ಬಾಲ್ಕನಿಗಳಲ್ಲಿ ಜನ ಮೊಬೈಲ್ ಹಿಡಿದು ನಿಂತಿದ್ದರು.

ಬೆಳಕು ತಕ್ಷಣ ಕಾಣುತ್ತದೆ, ಅಲೆ ಹಿಂದಿನಿಂದ ಬರುತ್ತದೆ. ಮೂರು ಕಿಲೋಮೀಟರ್ ದೂರದಲ್ಲಿ ನಡುವೆ ಸುಮಾರು ಎಂಟು ಸೆಕೆಂಡು ಸಿಗುತ್ತದೆ. ದೂರದಲ್ಲಿ ದೊಡ್ಡ ಬೆಂಕಿಯೋ ಮಿಂಚಿನಂಥ ಬೆಳಕೋ ಕಂಡರೆ ಕಿಟಕಿಯ ಹತ್ತಿರ ಹೋಗಬೇಡಿ. ಮಕ್ಕಳನ್ನು ಕರೆದುಕೊಂಡು ಒಳಗೋಡೆಯ ಮರೆಗೆ ಸರಿಯಿರಿ, ನೆಲಕ್ಕೆ ಬೋರಲಾಗಿ ಮಲಗಿ ಮುಖ ಮುಚ್ಚಿಕೊಳ್ಳಿ.